ನಿಂಗಮ್ಮನ ಹೊಲ ನನ್ನನ್ನು ಬಿಡಲಿಲ್ಲ

ದೆವ್ವ, ಗಾಳಿ, ಮಾಟ ಎಂದರೆ ನಗುತ್ತಿದ್ದವನು ನಾನು. ಕಾಡಿನಲ್ಲಿ ಒಂದು ಬಳ್ಳಿಯಿದೆ, ಅದನ್ನು ತುಳಿದವರಿಗೆ ದಾರಿ ತಪ್ಪುತ್ತದೆ ಎಂದು ಅಜ್ಜಿ ಹೇಳಿದರೆ, "ಹೆಂಡ ಕುಡಿದವರಿಗೂ ತಪ್ಪುತ್ತೆ ಬಿಡಜ್ಜಿ" ಎಂದು ರೇಗಿಸುತ್ತಿದ್ದೆ. ಈಗಲೂ ನಾನು ಹೆಚ್ಚೇನೂ ಬದಲಾಗಿಲ್ಲ. ಒಂದು ಮಧ್ಯಾಹ್ನದ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತೇನೆ. ನೀವು ನಂಬಲೇಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ಐವತ್ತರ ದಶಕದ ಕೊನೆ. ನಾನು ನಜರ್‌ಬಾದಿನಲ್ಲಿ ಬಾಡಿಗೆ ಮನೆ ಹಿಡಿದಿದ್ದ ಹೊಸ ಓವರ್‌ಸಿಯರ್. ಹೂಟಗಳ್ಳಿ ಆಗಿನ್ನೂ ಹಳ್ಳಿ. ಅಲ್ಲಿನ ಬಾವಿಗಳು ಬೇಸಿಗೆಯಲ್ಲಿ ತಳ ಕಾಣುತ್ತಿದ್ದವು. ಒಂದು ಹೊಲಕ್ಕೆ ಒಡ್ಡು ಹಾಕಿ ಮಳೆ ನೀರು ನಿಲ್ಲಿಸಿದರೆ ಅದು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳಲ್ಲಿ ನೀರು ಉಳಿಯುತ್ತದೆ ಎಂಬುದು ಮೇಲಿನವರ ಯೋಚನೆ. ಅದಕ್ಕಾಗಿ ಗುರುತು ಮಾಡಿದ್ದು ನಿಂಗಮ್ಮನ ಎರಡೆಕರೆ ರಾಗಿ ಹೊಲವನ್ನು. ಗಂಡ ಸತ್ತ ಮೇಲೆ ಆಕೆ ಒಬ್ಬಳೇ ನೋಡಿಕೊಂಡು ಬಂದ ಹೊಲ. ಅಲ್ಲಿ ನೀರು ಇಂಗುತ್ತದೋ ಇಲ್ಲವೋ ನೋಡಿ ಬರೆಯುವುದು ನನ್ನ ಕೆಲಸ. ಇಂಗುತ್ತದೆ ಎಂದು ಬರೆದರೆ ಹೊಲ ನೀರಿನ ಪಾಲು.

ಪರೀಕ್ಷೆ ಸುಲಭ. ಮೊಣಕಾಲುದ್ದದ ಗುಂಡಿಗೆ ನೀರು ತುಂಬಿ, ಗೀಟು ಹಾಕಿದ ಕೋಲು ನೆಟ್ಟು, ನೀರು ಎಷ್ಟು ಬೇಗ ಇಳಿಯುತ್ತದೆಂದು ನೋಡಬೇಕು. ಹಾಗೆ ಮೂರು ಸಲ ತುಂಬಬೇಕು. ಮೂರನೆಯ ಸಲದ್ದೇ ಲೆಕ್ಕ. ಒಣ ನೆಲ ಮೊದಲ ನೀರನ್ನು ಬಾಯಾರಿದವರ ಹಾಗೆ ಕುಡಿದುಬಿಡುತ್ತದೆ, ಅದನ್ನು ನಂಬಬಾರದು.

ನಿಂಗಮ್ಮ ಬಾವಿಯಿಂದ ನೀರು ಹೊತ್ತು ತಂದಳು. ಮೊದಲ ನೀರು ನೋಡನೋಡುತ್ತಿದ್ದಂತೆ ಇಳಿಯಿತು. ನಾನು ಪುಸ್ತಕ ತೆಗೆದು ಅದನ್ನೇ ಮೂರನೆಯ ಸಲದ್ದೆಂದು ಬರೆದುಕೊಂಡೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಸಂಜೆ ಗೆಳೆಯರೊಡನೆ ಸಿನಿಮಾಕ್ಕೆ ಹೋಗುವುದಿತ್ತು.

ಆಕೆಗೆ ಓದು ಬಾರದು, ಆದರೆ ನನ್ನ ಅವಸರ ಅರ್ಥವಾಯಿತು. "ಸ್ವಾಮಿ, ಒಣಗಿದ್ ನೆಲ ಕಣ್ರೀ, ಮೊದ್ಲು ಯಾರ್ ಉಯ್ದ್ರೂ ಕುಡೀತದೆ. ಇನ್ನೆಲ್ಡ್ ಸಲ ಉಯ್ದು ನೋಡ್ಬುಡಿ. ಇದೊಂದ್ ಓಯ್ತು ಅಂದ್ರೆ ಕಂಡೋರ್ ಒಲ್ದಲ್ಲಿ ಕೂಲಿ ಮಾಡ್ಬೇಕಾಯ್ತದೆ ನಾನು."

"ಆಗಲಿ ನಿಂಗಮ್ಮ, ನೋಡ್ತೀನಿ. ನೀವು ಹೋಗಿ" ಎಂದೆ. ಆಕೆಯ ಮನೆಯಲ್ಲಿ ಹಸು ಕರು ಹಾಕುವ ಹಾಗಿತ್ತು. ಆಕೆ ತುಂಬಿದ ತಾಮ್ರದ ಕೊಡಗಳನ್ನು ಗುಂಡಿಯ ಪಕ್ಕ ಇಟ್ಟು ಹೋದಳು. ಆಕೆ ಮರೆಯಾದದ್ದೇ ತಡ, ನಾನು ಹೊರಟೆ.

ಸೈಕಲ್ಲು ಹೊಲದಂಚಿನ ಹೊಂಗೆಮರಕ್ಕೆ ಒರಗಿತ್ತು. ನೂರು ಹೆಜ್ಜೆಯೂ ಇಲ್ಲ. ಉತ್ತು ಹದ ಮಾಡಿದ ಬೋಳು ಹೊಲ; ಅಜ್ಜಿಯ ಬಳ್ಳಿಯಿರಲಿ, ಒಂದು ಗರಿಕೆಯೂ ಇರಲಿಲ್ಲ. ಸೈಕಲ್ಲಿನ ಮೇಲೆ ಕಣ್ಣಿಟ್ಟೇ ನಡೆದೆ. ಕಾಲಿಗೆ ಏನೋ ತಾಕಿ ಠಣ್ ಎಂದಿತು. ನೋಡಿದರೆ ಕೊಡ. ನಾನು ಗುಂಡಿಯ ಪಕ್ಕದಲ್ಲೇ ಇದ್ದೆ. ಸೈಕಲ್ಲು ಮೊದಲಿನಷ್ಟೇ ದೂರದಲ್ಲಿತ್ತು.

ಬಿಸಿಲು ತಲೆಗೇರಿತೇನೋ ಎಂದು ನಕ್ಕು ಮತ್ತೆ ಹೊರಟೆ. ಮತ್ತೆ ಕೊಡ. ಮೂರನೆಯ ಸಲ ಹೆಜ್ಜೆ ಎಣಿಸುತ್ತ ನಡೆದೆ. ಎಪ್ಪತ್ತರ ಹತ್ತಿರ ಎಣಿಕೆ ತಪ್ಪಿತು, ಕಣ್ಣೆದುರು ಗುಂಡಿ. ನಾಲ್ಕನೆಯ ಸಲ ಓಡಿದೆ. ದೂರದ ರಸ್ತೆಯಲ್ಲಿ ಎತ್ತಿನ ಗಾಡಿ ಹೋಗುತ್ತಿತ್ತು. ಗಂಟಲು ಹರಿಯುವಂತೆ ಕೂಗಿದೆ, ಗಾಡಿಯವನು ತಿರುಗಿಯೂ ನೋಡಲಿಲ್ಲ. ಅತ್ತ ಚಾಮುಂಡಿ ಬೆಟ್ಟ ಕಾಣುತ್ತಿದೆ, ಇತ್ತ ಊರಿನ ಒಲೆಗಳ ಹೊಗೆ ಕಾಣುತ್ತಿದೆ, ಬೇಲಿ ಕೂಡ ಇಲ್ಲದ ಬಯಲಿನಲ್ಲಿ ನಾನು ಸೆರೆಯಾಗಿದ್ದೆ. ಐದನೆಯ ಸಲವೂ ಕೊಡ ತಾಕಿದಾಗ ಕುಸಿದು ಕೂತು ಅತ್ತುಬಿಟ್ಟೆ. ಅಷ್ಟು ಭಯ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬೇರೇನೂ ತೋಚದೆ ಕೊಡ ಎತ್ತಿ ಗುಂಡಿಗೆ ಸುರಿದೆ. ಪಶ್ಚಾತ್ತಾಪದಿಂದ ಎಂದರೆ ಸುಳ್ಳಾದೀತು. ಮಾಡಲು ಬೇರೆ ಕೆಲಸವಿರಲಿಲ್ಲ. ಎರಡನೆಯ ನೀರು ನಿಧಾನವಾಗಿ ಇಳಿಯಿತು. ಮೂರನೆಯದು ಎಷ್ಟು ಹೊತ್ತು ಕಾದರೂ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಅಡಿಯಲ್ಲಿ ಗಟ್ಟಿ ಜೇಡಿಮಣ್ಣಿರಬೇಕು. ಅಲ್ಲಿ ನೀರು ನಿಲ್ಲಿಸಿದ್ದರೆ ಅದು ಬಿಸಿಲಿಗೆ ಆರಿಹೋಗುತ್ತಿತ್ತು, ಬಾವಿಗಳಿಗೆ ಹನಿಯೂ ಸೇರುತ್ತಿರಲಿಲ್ಲ, ನಿಂಗಮ್ಮನ ಹೊಲ ಸುಮ್ಮಸುಮ್ಮನೆ ಹಾಳಾಗುತ್ತಿತ್ತು. ಬರೆದಿದ್ದ ಹಾಳೆ ಹರಿದು ಹೊಸದಾಗಿ ಬರೆದೆ. ಎದ್ದು ನಡೆದೆ. ಈ ಸಲ ಸೈಕಲ್ಲಿನ ಹ್ಯಾಂಡಲು ಕೈಗೆ ಸಿಕ್ಕಿತು.

ಹೊತ್ತು ಮುಳುಗುವ ಮುಂಚೆ ನಿಂಗಮ್ಮ ಕೊಡಗಳಿಗಾಗಿ ಬಂದಾಗ ನಾನಿನ್ನೂ ಮರದಡಿಯಲ್ಲೇ ಸುಧಾರಿಸಿಕೊಳ್ಳುತ್ತಿದ್ದೆ. ಹೊಲ ಉಳಿಯಿತೆಂದು ಹೇಳಿದೆ. "ನಾ ಆಗ್ಲೇ ಏಳ್ನಿಲ್ವಾ" ಎಂದವಳು ನೆಲ ನೋಡಿ ನಿಂತುಬಿಟ್ಟಳು. ಮೆತ್ತನೆಯ ಮಣ್ಣಿನಲ್ಲಿ ನನ್ನ ಬೂಟಿನ ಗುರುತುಗಳು ಸಾಲುಸಾಲಾಗಿ ಗುಂಡಿಯಿಂದ ಹೊಂಗೆಮರದ ಬುಡದವರೆಗೂ ಹೋಗಿದ್ದವು.

"ಇದೇನ್ ಸ್ವಾಮಿ, ಬರೀ ಓಗಿರೋದೇ ಐತೆ. ವಾಪಸ್ ಎಂಗ್ ಬಂದ್ರಿ?"

ಬಿಸಿಲು, ಹಸಿವು, ಮನಸ್ಸಿನ ಅಳುಕು ಎಂದು ನನ್ನ ಡಾಕ್ಟರ್ ಗೆಳೆಯ ಹೇಳುತ್ತಾನೆ. ನನ್ನ ತಲೆಯ ಮಟ್ಟಿಗೆ ಒಪ್ಪುತ್ತೇನೆ. ಆದರೆ ಆ ಸಾಲುಗಳನ್ನು ನಿಂಗಮ್ಮನೂ ನೋಡಿದ್ದಳು. ಮರದ ಕಡೆಗೆ ಆರು ಸಾಲು. ಮರದಿಂದ ಗುಂಡಿಗೆ ಒಂದೇ ಸಾಲು, ಅದು ನಾನು ಮೊದಲು ಹೊಲಕ್ಕೆ ಇಳಿದಾಗಿನದು. ಮೊದಲ ಎಣಿಕೆಯನ್ನು ನಾನು ನಂಬಲಿಲ್ಲ. ಮೂರು ಸಲ ಎಣಿಸಿದೆ.