ಅಮಾವಾಸ್ಯೆಯ ದಿನ ಸಮುದ್ರಕ್ಕೆ

ನಮ್ಮ ನೇಸರಗಿ ಕಡೆ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ. ಆ ಸಲ ಅಮಾವಾಸ್ಯೆ ರವಿವಾರವೇ ಬಂದಿತ್ತು. ತಮ್ಮನ ಹೊಲಕ್ಕೂ ಬಿಡುವು, ನಾನು ಕಲಿಸುವ ಶಾಲೆಗೂ ರಜೆ. ಇನ್ನೇನು ಬೇಕು? ಎಪ್ಪತ್ತು ದಾಟಿದ ಅವ್ವನಿಗೆ ಒಮ್ಮೆ ಸಮುದ್ರ ತೋರಿಸಬೇಕು ಎಂದು ವರ್ಷಗಟ್ಟಲೆ ಹೇಳುತ್ತ ಬಂದವಳು ನಾನೇ. ಗಾಡಿ, ರೊಟ್ಟಿ, ಶೇಂಗಾ ಚಟ್ನಿ, ಅವ್ವನ ಮೊಣಕಾಲಿಗೆ ತಿಕ್ಕುವ ಎಣ್ಣೆ, ಎಲ್ಲದರ ಪಟ್ಟಿ ಮಾಡಿದೆ. ಮಳೆ ಬರುತ್ತದೋ ಏನೋ ಎಂದು ಮೊಬೈಲಿನಲ್ಲಿ ನಾಲ್ಕು ಸಲ ನೋಡಿದೆ. ತಮ್ಮ ನಕ್ಕ. ನನಗೆ ಮೊದಲಿನಿಂದಲೂ ಹೀಗೆ, ಎಲ್ಲ ನಾನೇ ನೋಡಿಕೊಂಡರೆ ಸರಿ ಎಂಬ ಸೊಕ್ಕು.

ಕಾರವಾರದ ಕಡೆಯ ಆ ದಂಡೆ ಮುಟ್ಟಿದಾಗ ಆಗಷ್ಟೇ ಬೆಳಕು ಹರಿದಿತ್ತು. ನೀರು ಬಹಳ ದೂರ ಸರಿದಿತ್ತು. ಒದ್ದೆ ಮರಳಿನ ಆಚೆ ಒಂದು ಚಪ್ಪಟೆ ಬಂಡೆ. ಅವ್ವ ಅದನ್ನು ನೋಡಿದ್ದೇ ತಡ, ನೀರಿನ ತಾಯಿ ಗಂಗವ್ವನಿಗೆ ಅಲ್ಲೇ ಕುಳಿತು ಉಡಿ ತುಂಬುತ್ತೇನೆ ಎಂದಳು. ಸವದತ್ತಿಗೆ ಹೋದಾಗಲೆಲ್ಲ ಮಲಪ್ರಭೆಯ ದಂಡೆಯ ಕಲ್ಲಿನ ಮೇಲೆ ಕುಳಿತು ಅವಳು ಹಾಗೆಯೇ ಮಾಡುವುದು. ತಮ್ಮ ಅವಳ ಕೈ ಹಿಡಿದು ನಡೆಸಿಕೊಂಡು ಹೋಗಿ ಕೂಡಿಸಿದ. ಖಣ, ಅರಿಷಿಣ, ಕುಂಕುಮ ಇದ್ದವು. ತೆಂಗಿನಕಾಯಿ ಮಾತ್ರ ಗಾಡಿಯಲ್ಲೇ ಉಳಿದಿತ್ತು. ಅದನ್ನು ತರಲು ಅವನು ರಸ್ತೆಯವರೆಗೆ ಹೋದ. ನಾನು ದಂಡೆಯಲ್ಲಿ ಚಾಪೆ ಹಾಸಿ ರೊಟ್ಟಿಯ ಗಂಟು ಬಿಚ್ಚುತ್ತ ಕುಳಿತೆ.

ತಲೆ ಎತ್ತಿದಾಗ ಅವ್ವ, ತಮ್ಮ ನಡೆದುಹೋದ ಹೆಜ್ಜೆ ಗುರುತುಗಳಲ್ಲಿ ನೀರು ನಿಂತಿತ್ತು. ನಮ್ಮ ಹೊಳೆಗೆ ಡ್ಯಾಮಿನ ನೀರು ಬಿಡುವಾಗ ಮೊದಲೇ ಡಂಗುರ ಸಾರುತ್ತಾರೆ. ಇಲ್ಲಿ ಹೇಳುವವರಿಲ್ಲ, ಕೇಳುವವರಿಲ್ಲ. ನೀರು ಬಂಡೆಯನ್ನು ಎರಡೂ ಕಡೆಯಿಂದ ಬಳಸಿ ಅವ್ವನ ಬೆನ್ನ ಹಿಂದೆ ಕೂಡಿಕೊಳ್ಳುತ್ತಿತ್ತು.

ಮೀನಿನ ಬುಟ್ಟಿ ಹಿಡಿದು ಬರುತ್ತಿದ್ದ ಹೆಂಗಸೊಬ್ಬಳು ನಿಂತು, ಇವತ್ತು ಅಮಾವಾಸ್ಯೆ, ನೀರು ಜೋರಾಗಿ ಏರುತ್ತದೆ, ಆ ಬಂಡೆ ಪೂರ್ತಿ ಮುಳುಗುತ್ತದೆ ಎಂದಳು. ಪ್ರತಿವರ್ಷ ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಭೂಮಿಯನ್ನು ಒಂದೇ ಸಾಲಿನಲ್ಲಿ ಬಿಡಿಸಿ, ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಹೆಚ್ಚು ಎಂದು ಮಕ್ಕಳಿಂದ ಹೇಳಿಸುವವಳು ನಾನು. ಹೇಳದವರನ್ನು ನಿಲ್ಲಿಸಿ ಬೈದದ್ದೂ ಉಂಟು. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ಅದು ನಾನೇ.

ತಮ್ಮ ಓಡಿ ಬಂದವನೇ ತೆಂಗಿನಕಾಯಿ ಬಿಸಾಕಿ ನೀರಿಗಿಳಿದ. ಬಾವಿಯಲ್ಲಿ ಈಜು ಕಲಿತವನು. ಅಲೆ ಅವನನ್ನು ಎರಡು ಸಲ ಕೆಡವಿ ದಂಡೆಗೇ ತಂದು ಹಾಕಿತು. ನಾನು ಕೂಗಿದೆ. ಆ ಸದ್ದಿನಲ್ಲಿ ಅವ್ವನಿಗೆ ಕೇಳಲಿಲ್ಲ. ನೀರು ಬಂಡೆ ಹತ್ತಿ ಅವಳ ಸೀರೆ ತೋಯಿಸಿತು. ಅವಳು ಉಡಿಯನ್ನು ಎದೆಗೆ ಅವುಚಿಕೊಂಡಳೇ ಹೊರತು ಏಳಲಿಲ್ಲ. ಆ ಹೆಂಗಸು ಕೂಗಿ ಕರೆದ ಅವಳ ಗಂಡ ದೋಣಿ ನೂಕಿಕೊಂಡು ಹೋಗಿ, ಅವ್ವನನ್ನು ಎತ್ತಿ ಕೂಡಿಸಿಕೊಂಡು ಬಂದ.

ಅವಳು ದಂಡೆಗೆ ಇಳಿದಾಗ ನನ್ನ ಅಂಜಿಕೆಯೆಲ್ಲ ಸಿಟ್ಟಾಯಿತು. ನೀರು ಬರುವುದು ಕಾಣಲಿಲ್ಲವೇ, ಒಮ್ಮೆ ಹೊರಳಿ ನೋಡಬಾರದಿತ್ತೇ ಎಂದು ಎಲ್ಲರೆದುರು ಒದರಾಡಿದೆ. ಅವ್ವ ಸೆರಗು ಹಿಂಡುತ್ತ, ನಡುಗುತ್ತಲೇ ಹೇಳಿದಳು:

"ಕಂಡಿತ್ತವಾ. ಆದ್ರ ಸಾಲಿ ಕಲಸಾಕಿ ಮಗಳು ದಂಡಿ ಮ್ಯಾಲ ಅದಾಳ, ಅಂಜೂವಂಥಾದ್ದಿದ್ರ ಆಕೀನ ಮದ್ಲ ಹೇಳತಿದ್ಲು ಅಂತ ಕುಂತಿದ್ನಿ."

ನಾನು ಕೆಳಗೆ ಕುಳಿತು ಅವಳ ಕಾಲಿಗೆ ಹತ್ತಿದ ಮರಳು ಒರೆಸಿದೆ.