ಹಲಗೆಯ ಮೇಲಿನ ಚಿಬ್ಬು

ಬೆಟ್ಟದ ಮೇಲಿನ ಸಮಾಧಿ ಜಾಗದ ಕಾವಲುಗಾರನಿಗೆ ಜನ ಇಟ್ಟ ಹೆಸರು ಉಜ್ಜಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಮಿಕ್ಕ ದಿನಗಳಲ್ಲಿ ಅವನು ಬಕೆಟ್ಟು, ತಂತಿ ಬ್ರಷ್ಷು, ಮೊಂಡು ಕತ್ತಿ ಹಿಡಿದು ಸತ್ತವರ ಹೆಸರಿನ ಹಲಗೆ ಉಜ್ಜುವವನು, ಅಷ್ಟೆ. ಬೆಳಿಗ್ಗೆ ಹತ್ತುವಾಗ ಮಂಡಿ ಬೈಯುತ್ತಿತ್ತು, ಸಂಜೆ ಇಳಿಯುವಾಗ ಸೊಂಟ ಬೈಯುತ್ತಿತ್ತು, ಮನೆ ಸೇರಿದರೆ ಹೆಂಡತಿ. ಸತ್ತವರ ಮುಂದೆ ಕೂತು ಇಷ್ಟು ಉಜ್ಜುವ ಗಂಡಸು ಮನೆಯಲ್ಲಿ ಒಂದು ಪಾತ್ರೆ ಉಜ್ಜಿದ್ದನ್ನು ತಾನು ಕಾಣೆ ಎನ್ನುವುದು ಅವಳ ನಿತ್ಯದ ಮಾತು.

ಅಲ್ಲಿ ಮಲಗಿದ್ದವರೆಲ್ಲ ಬೆಟ್ಟ ಕಡಿದು ರಸ್ತೆ ಮಾಡುವಾಗ ಸತ್ತ ಕೂಲಿಗಳು. ಆಗ ಅಷ್ಟು ಮೇಲಕ್ಕೆ ಕಲ್ಲು ಹೊರುವವರು ಯಾರು? ಜೊತೆಗಾರರೇ ಮರ ಸೀಳಿ, ಹಲಗೆ ನೆಟ್ಟು, ಉಳಿಯಲ್ಲಿ ಹೆಸರು ಕೊರೆದರು. ಹಾಗೆ ಸತ್ತವರಲ್ಲಿ ಉಜ್ಜಣ್ಣನ ಸ್ವಂತ ಅಣ್ಣನೂ ಒಬ್ಬ. ಗುಡ್ಡ ಕುಸಿದ ಸುದ್ದಿ ಕೆಳಗಿನ ಊರಿನಲ್ಲಿದ್ದ ತಾಯಿಗೆ ಮುಟ್ಟುವ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು. ಮಗನ ಮುಖ ಅವಳಿಗೆ ಸಿಗಲಿಲ್ಲ. ಉಬ್ಬಸದ ಜೀವ, ಆ ಏರು ಹತ್ತಲಾರಳು. ನೀನಾದರೂ ಅವನ ಹತ್ತಿರ ಇರು ಎಂದು ಕಿರಿಯವನನ್ನು ಅಟ್ಟಿದಳು. ಹಾಗೆ ಬಂದವನು ಅಲ್ಲೇ ಉಳಿದ, ಅಲ್ಲೇ ಮದುವೆಯಾದ, ಅಲ್ಲೇ ಮುದುಕನಾದ.

ಅವನ ಶತ್ರುವಿನ ಹೆಸರು ಚಿಬ್ಬು. ಓದಿದವರು ಅದು ಕಲ್ಲುಹೂವಿನ ಜಾತಿಯದು ಎನ್ನುತ್ತಾರೆ. ಹೂವಂತೆ! ಮನುಷ್ಯರ ಮೈಮೇಲೆ ಏಳುವ ಚಿಬ್ಬಿನ ಹಾಗೆಯೇ ಬಿಳಿಚಿಕೊಂಡ ಬೂದು ಮಚ್ಚೆ, ಮೇಲೆ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕಿ. ತಂಪು ಬೆಟ್ಟದ ಹಳೆಯ ಮರವೆಂದರೆ ಅದಕ್ಕೆ ಪ್ರಾಣ. ಪಾಚಿಯಾದರೆ ಉಗುರು ತಾಕಿಸಿದರೆ ಎದ್ದು ಬರುತ್ತದೆ. ಚಿಬ್ಬು ಹಾಗಲ್ಲ, ಮರದ ಒಳಕ್ಕೇ ಬೇರೂರಿದ ಹಾಗೆ ಕಚ್ಚಿ ಕೂರುತ್ತದೆ. ಬ್ರಷ್ಷಿಗೆ ಜಗ್ಗದಿದ್ದರೆ ಕತ್ತಿ, ಕತ್ತಿಗೂ ಜಗ್ಗದಿದ್ದರೆ ಇನ್ನಷ್ಟು ಒತ್ತಿ ಕತ್ತಿ. ಹಾಗೆ ಹೆರೆದು ಮನೆಗೆ ಹೋದರೆ ಕೆಲವು ತಿಂಗಳಿಗೆ ಮತ್ತೆ ಅದೇ ಜಾಗದಲ್ಲಿ ಬೂದು ಮೂಡಿರುತ್ತಿತ್ತು. ಗಾಣದೆತ್ತಿನ ಬದುಕು. ಗಾಣದೆತ್ತಿಗಾದರೂ ಎಣ್ಣೆ ಇಳಿದದ್ದು ಕಾಣುತ್ತದೆ.

ಬೇರೆಯವರ ಹಲಗೆಗಳನ್ನು ಅವನು ಮೈಯಲ್ಲಿ ಕಸುವಿದ್ದಾಗ ಉಜ್ಜಿದ, ಇಲ್ಲದಾಗ ಬಿಟ್ಟ. ಹೇಳುವವರು ಕೇಳುವವರು ಯಾರೂ ಇಲ್ಲದ ಮೂಲೆಯ ಹಲಗೆಗಳಿಗಂತೂ ಬ್ರಷ್ಷು ತಾಕಿಸಿದ್ದೇ ಕಡಿಮೆ. ಆದರೆ ಅಣ್ಣನ ಹಲಗೆಯನ್ನು ಒಂದು ವಾರವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಹೋಗಿ, ಅದೊಂದನ್ನೇ ಉಜ್ಜಿ, ಬಂದು ಮಲಗಿದ್ದುಂಟು. ಅಮ್ಮ ಒಪ್ಪಿಸಿದ ಕೆಲಸ, ಅದರ ಮೇಲೆ ಒಂದು ಚುಕ್ಕೆ ನಿಂತರೂ ಅವನಿಗೆ ಸಹಿಸಲಾಗದು. ಇದನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ.

ಈಗ ಜೀಪು ಸಮಾಧಿ ಜಾಗದ ಬಾಗಿಲವರೆಗೂ ಬರುತ್ತಿತ್ತು. ಕೆಳಗಿನ ಊರಿನಲ್ಲಿ ಉಜ್ಜಣ್ಣನ ಅಕ್ಕನ ಮನೆಯಲ್ಲಿದ್ದ ತಾಯಿ ಅದನ್ನು ಕೇಳಿದ್ದೇ ತಡ, ಹೊರಟು ನಿಂತಳು. ಅವಳ ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು. ನೋಡಲಾರದವಳು ಹೋಗಿ ಮಾಡುವುದೇನು ಎಂದು ಅಕ್ಕ ತಡೆದಳಂತೆ. ತಾಯಿ ಫೋನಿನಲ್ಲಿ ಮಗನಿಗೆ ಹೇಳಿದ್ದು ಇಷ್ಟೇ: "ನನಗೆ ಓದಕ್ಕಂತೂ ಯಾವತ್ತೂ ಬರ್ಲಿಲ್ಲ ಕಣಪ್ಪ. ಮುಟ್ಟಕ್ಕೆ ಬರುತ್ತಲ್ಲ. ಸಾಯೋದ್ರೊಳಗೆ ಅವನ ಹೆಸರು ಒಂದ್ಸಲ ಬೆರಳಲ್ಲಿ ಮುಟ್ಬೇಕು."

ಉಜ್ಜಣ್ಣ ಖುಷಿಯಿಂದಲೇ ಬೆಟ್ಟ ಹತ್ತಿದ. ಅಮ್ಮನ ಬೆರಳಿಗೆ ಹೇಗನ್ನಿಸಬಹುದು ನೋಡೋಣವೆಂದು ಕಣ್ಣು ಮುಚ್ಚಿ ಅಣ್ಣನ ಹಲಗೆಯ ಮೇಲೆ ಕೈಯಾಡಿಸಿದ. ನುಣ್ಣಗಿತ್ತು. ಮೇಲೆ, ಕೆಳಗೆ, ಅಡ್ಡಕ್ಕೆ ಸವರಿದ. ಎಲ್ಲಿಯೂ ಒಂದು ಗೀರಿಲ್ಲ. ಕಣ್ಣು ಬಿಟ್ಟು ನೋಡಿದರೆ ತೊಳೆದ ತಟ್ಟೆಯಂಥ ಮರ. ಇಷ್ಟು ದಿನ ಅಲ್ಲಿ ಹೆಸರು ಓದುತ್ತಿದ್ದದ್ದು ಅವನ ಕಣ್ಣಲ್ಲ, ಅಭ್ಯಾಸ. ಅವನು ಹೆರೆದಾಗಲೆಲ್ಲ ಚಿಬ್ಬು ಜೊತೆಗೆ ಒಂದೆಳೆ ಮರವನ್ನೂ ಎಬ್ಬಿಸಿಕೊಂಡೇ ಬಂದಿತ್ತು. ಎದ್ದು ಮೂಲೆಗೆ ಹೋಗಿ, ದಿಕ್ಕಿಲ್ಲದವನ ಹಲಗೆಯೊಂದನ್ನು ಮುಟ್ಟಿ ನೋಡಿದ. ಚಿಬ್ಬಿನ ಪದರದಡಿ ಅಕ್ಷರಗಳು ಬೆರಳು ಹೂತುಹೋಗುವಷ್ಟು ಆಳವಾಗಿ, ಕೊರೆದ ದಿನದ ಹಾಗೇ ಇದ್ದವು.

ಬಡಗಿಯನ್ನು ಕರೆತಂದ. ಬಡಗಿ ಅಣ್ಣನ ಹಲಗೆಯನ್ನು ಬೆರಳಲ್ಲಿ ತಟ್ಟಿ ತಲೆಯಾಡಿಸಿದ. ಹಪ್ಪಳದಷ್ಟು ತೆಳ್ಳಗಾಗಿದೆ, ಉಳಿ ಇಟ್ಟರೆ ಎರಡು ಸೀಳು, ಬೇಕಾದರೆ ಹೊಸದು ಮಾಡಿಕೊಡುತ್ತೇನೆ ಎಂದ. ಹೊಸ ಮರದ ವಾಸನೆ ಮೂಗಿಗೆ ಬಡಿದರೆ ಅಮ್ಮನಿಗೆ ತಿಳಿಯುವುದಿಲ್ಲವೇ? ಅವಳಿಗೆ ಬೇಕಾದದ್ದು ಅಣ್ಣನನ್ನು ಮಣ್ಣು ಮಾಡಿದ ದಿನದ ಹಲಗೆ. ಉಜ್ಜಣ್ಣ ಬೇಡವೆಂದು ಅವನನ್ನು ಕಳಿಸಿದ.

ತಾಯಿ ಮಾರನೆಯ ದಿನ ಬಂದಳು. ಜೀಪಿನಿಂದ ಇಳಿಸಿದರೆ ಗಾಳಿಗೆ ಹಾರಿಹೋಗುವಷ್ಟು ಹಗುರ. ಉಜ್ಜಣ್ಣ ಅವಳ ತೋಳು ಹಿಡಿದು ನಡೆಸಿದ. ಅಣ್ಣನ ಹಲಗೆಯ ಹತ್ತಿರ ಅವನ ಕಾಲು ಒಂದು ಗಳಿಗೆ ನಿಂತಿತು. ಏನಾಯಿತು ಎಂದು ಅವಳು ಕೇಳಿದಳು. ಏನಿಲ್ಲ, ಇನ್ನು ಸ್ವಲ್ಪ ಮುಂದೆ ಎಂದ. ಮೂಲೆಗೆ ಕರೆದುಕೊಂಡು ಹೋಗಿ, ಆ ದಿಕ್ಕಿಲ್ಲದವನ ಮುಂದೆ ಕೂರಿಸಿ, ಅವಳ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟ. ಮನಸ್ಸಿನಲ್ಲೇ ಆ ಪುಣ್ಯಾತ್ಮನ ಕ್ಷಮೆ ಕೇಳಿಕೊಂಡ.

ಅವಳು ಅವಸರ ಮಾಡಲಿಲ್ಲ. ಒಂದೊಂದು ತಿರುವನ್ನೂ ತುದಿಯವರೆಗೆ ಸವರಿದಳು, ಮುಗಿದ ಮೇಲೆ ಮತ್ತೆ ಮೊದಲಿಂದ ಸವರಿದಳು. "ಇಲ್ಲಿದ್ದೀಯೇನಪ್ಪ," ಎಂದಳು. ಕಣ್ಣು ಹೋದರೂ ಕಣ್ಣೀರು ಹೋಗಿರಲಿಲ್ಲ. ಉಜ್ಜಣ್ಣನಿಗೆ ಇಷ್ಟು ವರ್ಷಗಳ ಭಾರ ಹೆಗಲಿಂದ ಇಳಿದಂತಾಯಿತು. ಸುಳ್ಳಾದರೇನು, ಮುಟ್ಟಿದಳಲ್ಲ.

ಅಷ್ಟರಲ್ಲಿ ಅವಳ ಬೆರಳು ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು, ಅಲ್ಲೇ ತಡೆಯಿತು.

"ಇದೇನೋ ಇದು, ಮೈಯೆಲ್ಲ ಹಕ್ಕಳೆ ಕಟ್ಟಿದ ಹಾಗಿದೆ?"

ಚಿಬ್ಬು ಎಂದು ಅವನು ಹೇಳಿದ.

ಅವಳು ದನಿ ಏರಿಸದೆ, "ಊರೋರ ಹಲಗೆ ಎಲ್ಲ ಉಜ್ತೀಯಂತೆ. ನಿಮ್ಮಣ್ಣಂದು ಒಂದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?" ಎಂದಳು.

ಉಜ್ಜಣ್ಣ ತಿರುಗಿ ನೋಡಿದ. ಅಷ್ಟು ದೂರದಲ್ಲಿ ಅಣ್ಣನ ಹಲಗೆ ಎಲ್ಲಕ್ಕಿಂತ ಚೊಕ್ಕಟವಾಗಿ, ಎಲ್ಲಕ್ಕಿಂತ ಬೆಳ್ಳಗೆ ಬಿಸಿಲಲ್ಲಿ ನಿಂತಿತ್ತು. ತನಗೆ ಆಯಾಸ, ಕೈಲಾಗಲಿಲ್ಲ ಎಂದ. ಆಯಾಸ ಎಂಬುದೊಂದು ಮಾತ್ರ ನಿಜ.

ತಾಯಿ ಶಾಲಿನ ತುದಿಯನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಉಜ್ಜತೊಡಗಿದಳು. ಅದು ಜಗ್ಗದಾಗ ಉಗುರಿನಿಂದ ಕೆರೆದಳು. ಉಜ್ಜಣ್ಣ ಅವಳ ಕೈ ಹಿಡಿದುಕೊಂಡ. "ಬೇಡಮ್ಮ. ಉಜ್ಜಿದ್ರೆ ಹೆಸರೇ ಹೊರಟೋಗುತ್ತೆ."

"ಮಾಡಕ್ಕೆ ಮನಸ್ಸಿಲ್ಲದೋರಿಗೆ ಒಂದು ನೆಪ."

"ಹೂಂ, ಸೋಮಾರಿ ಅಂತಲೇ ಅಂದ್ಕೊ," ಎಂದ ಅವನು. ಕೈ ಮಾತ್ರ ಬಿಡಲಿಲ್ಲ.

ಅವಳು ಕೊಸರಿಕೊಂಡು, ಇವನಿಗೆ ಬೆನ್ನು ಮಾಡಿ ಕೂತಳು. ಮತ್ತೆ ಕೆರೆಯಲಿಲ್ಲ, ಹೆಸರಿನ ಮೇಲೆ ಅಂಗೈ ಇಟ್ಟುಕೊಂಡಳು. ಜೀಪು ಹೊರಡುವವರೆಗೂ ಅವನ ಜೊತೆ ಮಾತಾಡಲಿಲ್ಲ.