ಮೋತಿಯ ಎಡೆ

ಹಿರಿಯರ ಹಬ್ಬದಲ್ಲಿ ಎಲ್ಲರ ಮನೆಯಲ್ಲೂ ಸತ್ತವರಿಗೆ ಎಡೆ ಇಡುತ್ತಾರೆ. ಅಜ್ಜನಿಗೊಂದು ಎಲೆ, ಅಜ್ಜಿಗೊಂದು ಎಲೆ, ಬದುಕಿದ್ದಾಗ ಯಾರಿಗೆ ಏನು ಇಷ್ಟವಿತ್ತೋ ಅದು. ಬೀಡಿ ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿ, ಬಾಟಲಿ ಎತ್ತುತ್ತಿದ್ದವರಿಗೆ ಒಂದು ಕ್ವಾರ್ಟರು. ಆದರೆ ರಂಗಲಕ್ಷ್ಮಮ್ಮನ ಮನೆಯಲ್ಲಿ ಒಂದು ಎಲೆ ಜಾಸ್ತಿ. ಆ ಎಲೆಯ ಮೇಲೆ ಬೇಯಿಸಿದ ಹುರುಳಿಕಾಳು, ಒಂದು ಅಚ್ಚು ಬೆಲ್ಲ, ಒಂದು ಹಿಡಿ ಹಸಿ ಗರಿಕೆ. ಅದು ಕುದುರೆಗೆ. ಹೌದು ಸ್ವಾಮಿ, ಕುದುರೆಗೇ. ನಗುವವರು ಈಗಲೇ ನಕ್ಕುಬಿಡಿ. ರಂಗಲಕ್ಷ್ಮಮ್ಮನ ಎದುರಿಗೆ ನಕ್ಕು ಆಮೇಲೆ ಏನಾದರೂ ಆದರೆ ನನ್ನನ್ನು ಕೇಳಬೇಡಿ.

ಬಟವಾಡಿ ಬಡಾವಣೆಯ ಆ ಬೀದಿಯಲ್ಲಿ ಆಕೆಯದು ಸಣ್ಣ ಹೆಸರಲ್ಲ. ಮಗ ಭಾನುಪ್ರಕಾಶನ ಬಾಡಿಗೆ ಮನೆ ಮೊದಲನೇ ಮಹಡಿಯಲ್ಲಿದೆ. ಅಲ್ಲಿಂದ ಆಕೆ ಒಂದು ಕೂಗು ಹಾಕಿದರೆ, ಕೆಳಗೆ ಕ್ಲಿನಿಕ್ಕಿನ ಮುಂದೆ ಅಡ್ಡಾದಿಡ್ಡಿ ನಿಂತ ಆಟೋಗಳು ತಾವಾಗಿಯೇ ಸಾಲಿಗೆ ಬರುತ್ತವೆ. ತರಕಾರಿ ಗಾಡಿಯವನು ಆಕೆ ಮೆಟ್ಟಿಲು ಇಳಿಯುವಷ್ಟರಲ್ಲಿ ಕೊಳೆತ ಟೊಮ್ಯಾಟೊಗಳನ್ನು ತಾನೇ ಆರಿಸಿ ಪಕ್ಕಕ್ಕಿಟ್ಟಿರುತ್ತಾನೆ. ಇಂಥ ಹೆಂಗಸು ಹದಿನಾರನೇ ವಯಸ್ಸಿನಲ್ಲಿ ಅಮೃತೂರಿಗೆ ಸೊಸೆಯಾಗಿ ಬಂದಾಗ ಬಾಯೇ ಬಿಡುತ್ತಿರಲಿಲ್ಲವಂತೆ. ಹಾಗಂತ ಆಕೆಯೇ ಹೇಳಿಕೊಳ್ಳುತ್ತಾಳೆ, ನಂಬುವವರು ನಂಬಬಹುದು.

ಆ ಮನೆಯಲ್ಲಿ ಹೊಸ ಸೊಸೆಯನ್ನು ಮೊದಲು ಮಾತಾಡಿಸಿದ್ದು ಗಂಡನಲ್ಲ, ಗಂಡನ ತಾತ ದೊಡ್ಡರಂಗಯ್ಯ. ಎಪ್ಪತ್ತು ದಾಟಿದ್ದ ಮುದುಕ, ಮೊದಲನೇ ಮಹಾಯುದ್ಧಕ್ಕೆ ಹೋಗಿ ಜೀವಂತ ವಾಪಸ್ ಬಂದಿದ್ದ ಆಸಾಮಿ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಲದ್ದಿ ಬಳಿಯುತ್ತ, ಕುದುರೆಗಳ ಮೈ ಉಜ್ಜುತ್ತ ಇದ್ದವನನ್ನು ಯುದ್ಧ ಶುರುವಾದ ಮೇಲೆ ಕುದುರೆಗಳ ಸಮೇತ ಹಡಗು ಹತ್ತಿಸಿದ್ದರು. ಕುದುರೆಗಳನ್ನು ಬರುತ್ತೀರಾ ಎಂದು ಯಾರೂ ಕೇಳಲಿಲ್ಲ, ದೊಡ್ಡರಂಗಯ್ಯನನ್ನೂ ಕೇಳಲಿಲ್ಲ.

"ತಾತ, ಯುದ್ಧದಾಗೆ ನೀವು ಎಷ್ಟು ಜನಾನ ಸಾಯ್ಸಿದ್ರಿ?" ಎಂದು ಹೊಸ ಸೊಸೆ ಒಂದು ದಿನ ಧೈರ್ಯ ಮಾಡಿ ಕೇಳಿದಳು.

"ಜನಾನಾ? ಥೂ! ನಾನು ಸಾಯ್ಸಿದ್ದು ಕುದ್ರೆ ಮೈಗೆ ಕಚ್ಕೊಂಡು ರಕ್ತ ಕುಡಿಯೋ ಉಣ್ಣೆಗೋಳ ಕಣವ್ವ. ಅದುಕ್ಕೆ ಲೆಕ್ಕ ಇಲ್ಲ ಬುಡು."

ಸರ್ಕಾರ ಒಂದು ಪದಕ ಕೊಟ್ಟಿತ್ತು. ತಾತ ಅದನ್ನು ದಾರಕ್ಕೆ ಪೋಣಿಸಿ, ಚೆಂದ ಕಾಣುತ್ತದೆ ಅಂತ ಕರುವಿನ ಕೊರಳಿಗೆ ಕಟ್ಟಿದರು. ಕರು ಅದನ್ನು ಅಮೃತೂರು ಕೆರೆಯಲ್ಲಿ ಕಳೆದುಕೊಂಡು ಬಂತು. ಯುದ್ಧ ಯಾಕೆ ಆಯಿತು ಅಂತ ಕೇಳಿದರೆ ತಾತನ ಉತ್ತರ ಆ ದಿನದ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಊಟ ಸರಿಯಾಗಿ ಆಗಿದ್ದರೆ, "ಎಲ್ಲೋ ಯಾರೋ ಒಬ್ಬ ರಾಜಕುಮಾರನ್ನ ಯಾರೋ ಹೊಡುದ್ನಂತೆ. ಅವ್ರೂರೆಲ್ಲಿ, ಕುಣಿಗಲ್ ಎಲ್ಲಿ!" ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ, "ಆ ರಾಜ್ರೆಲ್ಲ ಒಬ್ರುಗೊಬ್ರು ನೆಂಟ್ರೇ ಅಂತೆ ಕಣವ್ವ. ನೆಂಟ್ರ ಮನೆ ಜಗಳ ಅದು. ಅವ್ರು ಕಿತ್ತಾಡ್ಕೊಂಡ್ರೆ ನಾವು ಹೋಗಿ ಸಾಯ್ಬೇಕು!"

ಸಾಯುವ ಮುಂಚೆ ಮುದುಕ ಮಕ್ಕಳನ್ನು ಕರೆಯಲಿಲ್ಲ, ಮೊಮ್ಮಗನ ಹೆಂಡತಿಯನ್ನು ಕರೆದರು. "ನನ್ ಎಲೆ ತಪ್ಪುದ್ರೂ ಚಿಂತಿಲ್ಲ, ಮೋತಿ ಎಲೆ ತಪ್ಪಿಸ್ಬೇಡ ಕಣವ್ವ" ಎಂದು ಕೈ ಹಿಡಿದುಕೊಂಡರು. ಮೋತಿ ಎಂದರೆ ಯುದ್ಧಕ್ಕೆ ಹೋದ ಕುದುರೆ. ಹುರುಳಿಯೇ ಯಾಕೆ ಇಡಬೇಕು ಎಂಬುದನ್ನೂ ಆವತ್ತು ಹೇಳಿದರು. ಅದನ್ನು ಮಾತ್ರ ರಂಗಲಕ್ಷ್ಮಮ್ಮ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಗಂಟಲು ಕಟ್ಟಿದರೆ ಜನರನ್ನು ಬೈಯುವುದು ಹೇಗೆ?

ಇಷ್ಟು ವರ್ಷ ಹಬ್ಬ ಅಮೃತೂರಿನಲ್ಲೇ ಸಲೀಸಾಗಿ ನಡೆಯಿತು. ಈ ವರ್ಷ ಅಲ್ಲಿನ ಮನೆಯ ಹೆಂಚು ಇಳಿಸಿ ಮೋಲ್ಡ್ ಹಾಕಿಸುತ್ತಿದ್ದುದರಿಂದ ಹಬ್ಬ ಬಟವಾಡಿಗೆ ಬಂತು. ಹಬ್ಬದ ಜೊತೆಗೆ ಭಾನುಪ್ರಕಾಶನ ಪೀಕಲಾಟವೂ ಬಂತು.

ಭಾನುಪ್ರಕಾಶ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವವನು. ಮಾತಿಗೆ ಬಣ್ಣ ಬಳಿಯುವುದು ಅವನಿಗೆ ಅಭ್ಯಾಸ. ಚೇಳೂರಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಸುಧಾಳ ಅಪ್ಪ ನರಸಿಂಹಯ್ಯನವರು ಇತಿಹಾಸದ ರಿಟೈರ್ಡ್ ಲೆಕ್ಚರರ್ ಎಂದು ಗೊತ್ತಾದ ಕೂಡಲೇ, "ನಮ್ಮ ಮುತ್ತಾತ ಕುದುರೆ ಏರಿ, ಭರ್ಜಿ ಹಿಡಿದು ಹೈಫಾ ಊರಿನ ಕಾಳಗದಲ್ಲಿ ಶತ್ರುಗಳ ಮೇಲೆ ನುಗ್ಗಿದವರು" ಎಂದು ಬಿಟ್ಟುಬಿಟ್ಟ. ನರಸಿಂಹಯ್ಯನವರು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತರು. ಮದುವೆ ಆಯಿತು. ಆದರೆ ಮಾವನವರು ಆ ಮಾತನ್ನು ಮರೆಯಲಿಲ್ಲ. ಈಗ ಗುಬ್ಬಿ ಪಟ್ಟಣದ ತಮ್ಮ ಗೆಳೆಯರ ಬಳಗದಲ್ಲಿ ಮಹಾಯುದ್ಧದ ಕಾರಣ ಮತ್ತು ಪರಿಣಾಮಗಳ ಬಗ್ಗೆ ಉಪನ್ಯಾಸ ಇಟ್ಟುಕೊಂಡು, ವೀರಯೋಧನ ವಂಶಸ್ಥರಿಗೆ ಪೇಟ ಹಾರದ ಸನ್ಮಾನವನ್ನೂ ಗೊತ್ತು ಮಾಡಿದ್ದರು.

"ಅಮ್ಮಾ, ಮಾವ ಊಟಕ್ಕೆ ಬರ್ತಾರೆ. ಈ ಒಂದು ವರ್ಷ ಕುದ್ರೆ ಎಲೆ ಬೇಡಮ್ಮ" ಎಂದ ಮಗ.

"ಬರ್ಲಿ. ಅವ್ರಿಗೂ ಒಂದೆಲೆ ಹಾಕ್ತೀನಿ."

"ಅಮ್ಮಾ!"

"ಊಟಕ್ಕೆ ಕಣ್ಲಾ!"

"ಮುತ್ತಾತನ್ನ ದೊಡ್ಡ ಯೋಧ ಅಂತ ಹೇಳ್ಬಿಟ್ಟಿದೀನಿ. ಲದ್ದಿ ಬಳೀತಿದ್ರು ಅಂತ ಗೊತ್ತಾದ್ರೆ ನನ್ ಮರ್ಯಾದೆ ಗತಿ ಏನು?"

"ಲದ್ದಿ ಬಳುದ್ರೆ ಮರ್ಯಾದೆ ಹೋಗ್ತದೇನ್ಲಾ? ಸುಳ್ಳು ಬಿಡೋವಾಗ ಎಲ್ಲೋಗಿತ್ತು ನಿನ್ ಮರ್ಯಾದೆ, ಸಂತೆಗಾ?"

ಕೊನೆಗೆ ಸುಧಾಳೇ ರಾಜಿ ಮಾಡಿಸಿದಳು. ಎಲೆ ಇಡುವುದು, ಆದರೆ ಅದು ಕುದುರೆಯದು ಅಂತ ಯಾರೂ ಬಾಯಿ ಬಿಡಬಾರದು. ಎಲೆ ಬಿದ್ದರೆ ಸಾಕು ಎಂದು ರಂಗಲಕ್ಷ್ಮಮ್ಮ ಒಪ್ಪಿಕೊಂಡಳು. ತಾತನಿಗೆ ಕೊಟ್ಟ ಮಾತು ಉಳಿಯಬೇಕಿತ್ತು, ಅಷ್ಟೇ.

ಹಬ್ಬದ ದಿನ ನರಸಿಂಹಯ್ಯನವರು ಒಂದು ಚಿಪ್ಪು ಬಾಳೆಹಣ್ಣು ಮತ್ತು ಯುದ್ಧದ ಐದು ಕಾರಣಗಳ ಸಮೇತ ಮೆಟ್ಟಿಲು ಹತ್ತಿ ಬಂದರು. ಒಳ್ಳೆಯ ಮನುಷ್ಯ, ಆದರೆ ನಾಲಿಗೆಗೆ ರಜೆ ಕೊಟ್ಟವರಲ್ಲ. ಚಪ್ಪಲಿ ಬಿಡುತ್ತ ಕಿರುಬೆರಳು ಮಡಚಿ ರಾಷ್ಟ್ರೀಯತೆ ಎಂದರು, ಕಾಲು ತೊಳೆಯುತ್ತ ಸಾಮ್ರಾಜ್ಯದಾಸೆ ಎಂದರು, ಸೋಫಾದಲ್ಲಿ ಕೂರುವಷ್ಟರಲ್ಲಿ ಗುಪ್ತ ಒಪ್ಪಂದ, ಶಸ್ತ್ರಾಸ್ತ್ರದ ಪೈಪೋಟಿ ಎರಡೂ ಮುಗಿದು, ಹೆಬ್ಬೆರಳಿಗೆ ರಾಜಕುಮಾರನ ಕೊಲೆ ಬಂತು. ಅಡುಗೆಮನೆಯಲ್ಲಿ ಮಟನ್ ಸಾರು ಕುದಿಯುತ್ತಿತ್ತು.

"ಆ ಪದಕ ಒಂದ್ಸಲ ತೋರ್ಸಿ ಭಾನು" ಎಂದರು ಮಾವ.

"ಬ್ಯಾಂಕ್ ಲಾಕರ್‌ನಲ್ಲಿದೆ ಮಾವ."

ಕೆರೆಯನ್ನು ಲಾಕರ್ ಅಂದ ಮಗನನ್ನು ರಂಗಲಕ್ಷ್ಮಮ್ಮ ಕಣ್ಣಲ್ಲೇ ಸುಟ್ಟಳು. ಬಾಯಿ ಮಾತ್ರ ಬಿಡಲಿಲ್ಲ.

ರೂಮಿನಲ್ಲಿ ಕಳಶ ಇಟ್ಟು ಎಲೆಗಳನ್ನು ಸಾಲಾಗಿ ಹಾಸಿದ್ದರು. ತಾತನದು, ಅಜ್ಜಿಯದು, ಅತ್ತೆ ಮಾವಂದಿರದು, ರಂಗಲಕ್ಷ್ಮಮ್ಮನ ಗಂಡನದು. ಕೊನೆಯಲ್ಲಿ ಗೋಡೆಯ ಪಕ್ಕ ಹುರುಳಿ, ಬೆಲ್ಲ, ಗರಿಕೆ. ಕೈ ಮುಗಿಯುತ್ತ ಬಂದ ನರಸಿಂಹಯ್ಯನವರು ಅಲ್ಲಿ ನಿಂತುಬಿಟ್ಟರು.

"ಇದು ಯಾರದು?"

ಭಾನುಪ್ರಕಾಶನ ಬಾಯಿ ಯಾವತ್ತೂ ಅವನ ತಲೆಗಾಗಿ ಕಾದಿಲ್ಲ. "ಅದು... ಮೋತಿ ಅಂತ ಮಾವ. ಮುತ್ತಾತನ ತಮ್ಮ. ಇಬ್ರೂ ಒಟ್ಟಿಗೇ ಯುದ್ಧಕ್ಕೆ ಹೋದ್ರು. ಇವ್ರು ವಾಪಸ್ ಬರ್ಲಿಲ್ಲ."

ತಮ್ಮ ಎಂಬುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜವೇ. ನರಸಿಂಹಯ್ಯನವರ ಕಣ್ಣು ತುಂಬಿಕೊಂಡಿತು. "ಮೋತಿರಂಗಯ್ಯ! ಹುತಾತ್ಮರು! ಇಷ್ಟು ದಿನ ನನಗೆ ಯಾಕಪ್ಪ ಹೇಳ್ಲಿಲ್ಲ? ನೋಡೋಕೆ ಹೇಗಿದ್ರಂತೆ?"

"ಒಳ್ಳೇ ಎತ್ತರ ಅಂತೆ ಮಾವ. ಕಂದು ಬಣ್ಣ. ಓಡೋದ್ರಲ್ಲಿ ಎತ್ತಿದ ಕೈ."

ಸುಧಾ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

"ಅಲ್ಲ, ಅಂಥವರಿಗೆ ಬರೀ ಹುರುಳಿಕಾಳು, ಹುಲ್ಲು ಇಟ್ಟಿದೀರಲ್ಲ?"

"ಸರಳ ಜೀವನ ಮಾವ, ಅವ್ರದು."

ನರಸಿಂಹಯ್ಯನವರಿಗೆ ಮನಸ್ಸು ತಡೆಯಲಿಲ್ಲ. ತಮಗೆ ಕೊಡಲೆಂದು ಬೀಗರು ಇಟ್ಟಿದ್ದ ಹೊಸ ಪಂಚೆ, ಶಲ್ಯವನ್ನು ತಂದು ಆ ಎಲೆಯ ಮುಂದೆ ಇಟ್ಟರು. ಚಳಿಗೆ ಕುದುರೆಗೂ ಬಟ್ಟೆ ಹೊದಿಸುವುದುಂಟು ಎಂದು ರಂಗಲಕ್ಷ್ಮಮ್ಮ ತಡೆದುಕೊಂಡಳು. ನರಸಿಂಹಯ್ಯನವರು ಗುಬ್ಬಿಗೆ ಫೋನು ಮಾಡಿ, ಬ್ಯಾನರಿನಲ್ಲಿ ಹುತಾತ್ಮ ಮೋತಿರಂಗಯ್ಯ ಎಂದು ಇನ್ನೊಂದು ಹೆಸರು ಸೇರಿಸಿ ಎಂದರು. ಆಗಲೂ ಆಕೆ ಹಲ್ಲು ಕಚ್ಚಿಕೊಂಡಳು. ಆಮೇಲೆ ಆ ಮನುಷ್ಯ ಮಟನ್ ಪಾತ್ರೆಗೆ ಸೌಟು ಹಾಕಿ, ಒಳ್ಳೆಯ ನಲ್ಲಿ ಮೂಳೆಯನ್ನೇ ಹುಡುಕಿ, ಭಕ್ತಿಯಿಂದ ತಂದು ಹುರುಳಿಯ ಮೇಲೆ ಬಡಿಸಿದರು.

"ತೆಗೀರಿ ಬೀಗ್ರೇ!"

ಆ ಕೂಗಿಗೆ ಕೆಳಗೆ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ನಿಗೆ ಕೂತಿದ್ದ ಮಗುವೊಂದು ಚುಚ್ಚುವ ಮೊದಲೇ ಅತ್ತಿತು. ನರಸಿಂಹಯ್ಯನವರ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಅದು ಮಾಂಸ ಮುಟ್ಟಾಕಿಲ್ಲ! ಹುಲ್ಲು ತಿನ್ನೋ ಜೀವ! ಕುದ್ರೆ ಕಣ್ರೀ ಅದು, ಕುದ್ರೆ!"

ನರಸಿಂಹಯ್ಯನವರು ಅಳಿಯನ ಮುಖ ನೋಡಿದರು. ಅಳಿಯ ಫ್ಯಾನಿನ ಮುಖ ನೋಡಿದ.

ತಡೆದುಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ತಾತ ಭರ್ಜಿನೂ ಹಿಡೀಲಿಲ್ಲ, ಯಾರ ಮ್ಯಾಲೂ ನುಗ್ಲಿಲ್ಲ. ಲದ್ದಿ ಬಳುದ್ರು, ಮೈ ಉಜ್ಜುದ್ರು, ಉಣ್ಣೆ ಕಿತ್ರು. ಆ ಮೋತಿ ಮರಿಯಾಗಿ ಹುಟ್ಟಿದ್ದು ಅವ್ರ ಕೈಯಾಗೇ. ಅದುನ್ನ ಕರ್ಕೊಂಡು ಹಡಗು ಹತ್ತುದ್ರು. ಗುಂಡು ಬೀಳೋವಾಗ ಇಬ್ರೂ ಒಂದೇ ಗುಂಡೀಲಿ ಮಲಗ್ತಿದ್ರಂತೆ. ಯುದ್ಧ ಮುಗೀತು. ವಾಪಸ್ ಬರೋವಾಗ, ಜನಕ್ಕೆ ಮಾತ್ರ ಹಡಗು, ಕುದ್ರೆಗಿಲ್ಲ ಅಂದ್ಬುಟ್ರಂತೆ. ಹಗ್ಗ ಯಾರದೋ ಕೈಗೆ ಕೊಟ್ಟು ಬಾ ಅಂದ್ರು. ಕೊಟ್ರೆ ಅದು ಬುಡ್ತದಾ? ಕಿತ್ಕೊಂಡು ಹಿಂದಿಂದೇ ಬಂತಂತೆ."

ಅಲ್ಲಿಗೆ ಗಂಟಲು ಕಟ್ಟಿತು. ಕಟ್ಟುತ್ತದೆ ಎಂದು ಗೊತ್ತಿದ್ದೇ ಇಷ್ಟು ವರ್ಷ ಹೇಳಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು.

"'ಇಲ್ಲೇ ಇರು ಮಗ, ಹುರುಳಿ ತತ್ತೀನಿ' ಅಂತ ಅದುಕ್ಕೆ ಸುಳ್ಳು ಹೇಳಿ ಹಡಗು ಹತ್ತುದ್ರಂತೆ. ಅದು ನಿಂತ್ಕೊಳ್ತು ಬೀಗ್ರೇ. ಅವ್ರ ಮಾತು ನಂಬಿ ನಿಂತ್ಕೊಳ್ತು. ಹಡಗು ಕಣ್ಮರೆ ಆಗೋಗಂಟ ಅಲ್ಲೇ ನಿಂತಿತ್ತಂತೆ."

ಬಟವಾಡಿಯ ಬೀದಿಯನ್ನು ನಡುಗಿಸುವ ಹೆಂಗಸು ನೆಲದ ಮೇಲೆ ಕೂತು ಅತ್ತಳು. ಸುಧಾ ಬಂದು ಅತ್ತೆಯ ಬೆನ್ನು ಸವರಿದಳು. ಅವಳಿಗೂ ಈಗ ನಗು ಬರುತ್ತಿರಲಿಲ್ಲ. ಭಾನುಪ್ರಕಾಶನಿಗೂ ಹುರುಳಿಯ ಸಂಗತಿ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಎಲೆಯನ್ನು ಕಂಡು ನಾಚಿಕೊಂಡವನು ಈಗ ಬಗ್ಗಿ ಹುರುಳಿಯ ಮೇಲಿದ್ದ ಮೂಳೆಯನ್ನು ಎತ್ತಿ ಪಕ್ಕಕ್ಕಿಟ್ಟ.

ನರಸಿಂಹಯ್ಯನವರು ಸೌಟು ಕೆಳಗಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತರು. "ಅಕ್ಕಾರೆ, ಈ ಯುದ್ಧದ ಪರಿಣಾಮಗಳು ಅಂತ ವರ್ಷಾ ವರ್ಷ ಪಾಠ ಮಾಡ್ದೆ. ಯಾವ ಒಪ್ಪಂದ ಆಯ್ತು, ಯಾವ ದೇಶ ಒಡೀತು, ಎಲ್ಲ ಹೇಳ್ದೆ. ಯುದ್ಧದಿಂದ ಬಂದವ್ರು ಮನೇಲಿ ಹೇಗಿದ್ರು ಅಂತ ನನಗೆ ಹೊಳೀಲೇ ಇಲ್ಲ" ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, "ಏನಪ್ಪಾ, ಕಂದು ಬಣ್ಣ, ಓಡೋದ್ರಲ್ಲಿ ಎತ್ತಿದ ಕೈ, ಸರಳ ಜೀವನ, ಅಲ್ವಾ?" ಎಂದರು. ಅಳುತ್ತಿದ್ದ ರಂಗಲಕ್ಷ್ಮಮ್ಮನಿಗೇ ನಗು ಬಂದುಬಿಟ್ಟಿತು.

ಆದರೆ ಮಟನ್ ಬಿದ್ದ ಎಲೆ ಕೆಟ್ಟಿತ್ತು. ಮಿಕ್ಕಿದ್ದ ಹುರುಳಿಗೆ ಸುಧಾ ಆಗಲೇ ಖಾರ ಹಾಕಿ ಬಸ್ಸಾರು ಮಾಡಿಬಿಟ್ಟಿದ್ದಳು. ಎಡೆ ಆಗದೆ ಊಟವಿಲ್ಲ. ನರಸಿಂಹಯ್ಯನವರು ಹುರುಳಿ ತರಲು ಅಂಗಡಿಗೆ ಇಳಿದರು. ಭಾನುಪ್ರಕಾಶ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಹೈವೇ ಪಕ್ಕದ ಖಾಲಿ ಸೈಟಿನಲ್ಲಿ ಬಗ್ಗಿ ಗರಿಕೆ ಕಿತ್ತ. ಆಟೋದವರು ಸಾಲಾಗಿ ನಿಂತು ನೋಡಿದರು. ಮಾವ ಬರುತ್ತಲೇ ಮೆಟ್ಟಿಲ ಮೇಲೆ ಫೋನಿನಲ್ಲಿ ಕೂಗುತ್ತಿದ್ದರು: "ವೀರಯೋಧ ಅನ್ನೋದನ್ನ ತೆಗೀರಿ. ದೊಡ್ಡರಂಗಯ್ಯ, ಕುದುರೆ ನೋಡಿಕೊಳ್ಳುವವರು. ಮೋತಿ, ಕುದುರೆ. ಹೌದ್ರೀ, ಕುದುರೆ! ಇಲ್ಲ, ಅದಕ್ಕೆ ಪೇಟ ಬೇಡ!"

ಕುಕ್ಕರ್ ಕೂಗಿ ಕೂಗಿ ಹುರುಳಿ ಬೆಂದಿತು. ಹೊಸ ಎಲೆ ಹಾಸಿದರು. ಪ್ರತಿ ವರ್ಷ ಬಡಿಸುವವಳು ರಂಗಲಕ್ಷ್ಮಮ್ಮನೇ, ಆದರೆ ಈ ಸಲ ಮಗನೇ ಬಟ್ಟಲು ಈಸಿಕೊಂಡ. ಹುರುಳಿ ಬಡಿಸಿ, ಬೆಲ್ಲ ಇಟ್ಟು, ಗರಿಕೆಯ ಮಣ್ಣು ಕೊಡವಿ ಇಟ್ಟು, ಮಾವ ಕೇಳಿಸಿಕೊಳ್ಳುತ್ತಾರೆ ಎಂಬ ಸಂಕೋಚವಿಲ್ಲದೆ, "ಮೋತಿ, ತಾತ ಹುರುಳಿ ಕಳ್ಸವ್ರೆ. ತುಂಬಾ ತಡ ಆಯ್ತು. ತಿನ್ನು" ಎಂದ.

ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದುಕೊಂಡು ಎಲ್ಲರೂ ಹೊರಗೆ ನಿಂತರು. ಹೊತ್ತು ಮೀರಿತ್ತು, ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಒಳಗಿನಿಂದ ಮಟನ್ ಸಾರಿನ ಘಮ ಬೇರೆ. ಭಾನುಪ್ರಕಾಶ ಇಷ್ಟು ಹೊತ್ತು ಸಾಕು ಎಂದು ಚಿಲಕಕ್ಕೆ ಕೈ ಹಾಕಿದ.

"ವಸಿ ತಡೀಲಾ" ಎಂದಳು ರಂಗಲಕ್ಷ್ಮಮ್ಮ. "ಹುರುಳಿ ಅಗಿಯಾಕೆ ಹೊತ್ತಾಯ್ತದೆ."

ಭಾನುಪ್ರಕಾಶ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಆಕೆ ಹೇಳುವವರೆಗೂ ಯಾರೂ ಬಾಗಿಲು ಮುಟ್ಟಲಿಲ್ಲ.